ನೀರಿಗೆ ಬಂದ ದನ

ಕಬ್ಬು ಅರೆಯುವ ಹಂಗಾಮಿನಲ್ಲಿ ಮುಧೋಳದ ಸಂಜೆಗೆ ಒಂದು ವಾಸನೆ ಇರುತ್ತದೆ. ಕಾರ್ಖಾನೆಯ ಕಾಕಂಬಿಯ ಹುಳಿ, ಎಮ್ಮೆಗಳ ಮೈಬಿಸಿ, ಅದರ ಮೇಲೆ ದಾರಿಯ ಧೂಳು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ವಾಸನೆ ಅಂತಲೇ ಅನ್ನಿಸುವುದಿಲ್ಲ. ಮೊನ್ನೆ ಶಾಲೆ ಬಿಟ್ಟು ರನ್ನ ಬೆಳಗಲಿಯಿಂದ ಸ್ಕೂಟಿಯಲ್ಲಿ ಬರುತ್ತಿದ್ದೆ. ಹಿಂದೆ ಹೊಸದಾಗಿ ಬಂದ ಟೀಚರ್ ಕೂತಿದ್ದಳು. ಊರು ಹತ್ತಿರವಾದಾಗ ಎಮ್ಮೆ ಹಿಂಡೊಂದು ರಸ್ತೆಗೆ ಇಳಿಯಿತು. ಗಾಡಿ ನಿಲ್ಲಿಸಿದೆ. ಆ ವಾಸನೆ ಬಂದು ಮೂಗಿಗೆ ಬಡಿಯಿತು. ನನಗೆ ಗೊತ್ತಿಲ್ಲದಂತೆಯೇ ನಾನು ಹ್ಯಾಂಡಲ್ ಮೇಲೆ ಬಾಗಿ, ಕತ್ತು ಓರೆ ಮಾಡಿ, ಎಮ್ಮೆಗಳ ಹೊಟ್ಟೆಯ ಕೆಳಗೆ ನೋಡತೊಡಗಿದ್ದೆ.

"ಏನರೆ ಬಿತ್ತೇನ್ರಿ ಅಕ್ಕಾ?" ಅಂದಳು ಆಕೆ.

"ಏನಿಲ್ಲ ಬೇ, ಚಟ," ಅಂದೆ.

ಚಟವೇ. ಆದರೆ ನನ್ನದಲ್ಲ, ಇನ್ನೊಬ್ಬರಿಂದ ಅಂಟಿಕೊಂಡದ್ದು. ಅವರು ಹೋಗಿ ವರ್ಷಗಳಾದವು...

ನಾನು ಜಮಖಂಡಿಯ ಮಗಳು. ಮದುವೆಯಾಗಿ ಮುಧೋಳಕ್ಕೆ ಬಂದಾಗ ನಮ್ಮದು ಹೊಳೆಯ ಕಡೆಗೆ ಇಳಿಯುವ ಕಡೆಯ ಓಣಿ. ಪಕ್ಕದ ಮನೆಯಲ್ಲಿ ಮಿಲ್ಟ್ರಿ ಕಾಕಾ ಇದ್ದರು. ಓಣಿಗೆಲ್ಲ ಅವರು ಮಿಲ್ಟ್ರಿ ಕಾಕಾ, ನನಗೂ ಅದೇ ಆಯಿತು. ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅವರ ಅಪ್ಪ, ಅಜ್ಜ ಎಲ್ಲ ಕಂಬಳಿ ಹೊತ್ತು ಕುರಿಗಳ ಹಿಂದೆ ತಿರುಗಿದವರು. ಇವರೊಬ್ಬರು ಬಂದೂಕು ಹೊತ್ತು ದೇಶ ತಿರುಗಿ, ರಿಟೈರಾಗಿ ಬಂದು, ಸಕ್ಕರೆ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗೆ ನಿಂತಿದ್ದರು. ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಒಬ್ಬಳೇ ಮಗಳು, ಜೊತೆಗೊಂದು ಬೇಟೆನಾಯಿ. ಮುಧೋಳದ ನಾಯಿ ಅಂದರೆ ಊರೂರಿಗೆ ಹೆಸರು. ಆದರೆ ಆ ಹೆಸರುವಾಸಿ ಪ್ರಾಣಿ ನಮ್ಮ ಮನೆಯ ಒಣರೊಟ್ಟಿಗಾಗಿ ದಿನಾ ಹೊಸ್ತಿಲಲ್ಲಿ ಬಾಲ ಅಲ್ಲಾಡಿಸುತ್ತಿತ್ತು.

ಕಾಕಾ ಬರುವುದು ಅವರು ಕಾಣುವ ಮೊದಲೇ ಗೊತ್ತಾಗುತ್ತಿತ್ತು. ಅಥಣಿ ಕಡೆಯಿಂದ ಹೇಳಿ ಮಾಡಿಸಿದ ಚಪ್ಪಲಿ, ಹೆಜ್ಜೆಗೊಮ್ಮೆ ಕರ್ ಕರ್ ಅನ್ನುತ್ತಿತ್ತು. ಎಣ್ಣೆ ಹಚ್ಚಿ ಆ ಸಪ್ಪಳ ಕಡಿಮೆ ಮಾಡಿಕೊಳ್ಳಿ ಅಂತ ನಮ್ಮ ಅತ್ತೆ ಒಮ್ಮೆ ಹೇಳಿದ್ದಕ್ಕೆ ಅವರು ಗಂಭೀರವಾಗಿ ಹೇಳಿದ್ದರು: "ಸಪ್ಪಳ ಇಲ್ಲದ ಬರಾವ್ರನ್ನ ನಂಬಬಾರದ್ರಿ ವೈನಿ."

ಅವರ ಇನ್ನೊಂದು ಪದ್ಧತಿ ಅದಕ್ಕಿಂತ ವಿಚಿತ್ರ. ಹೊತ್ತು ಮುಳುಗುವಾಗ ನಮ್ಮ ಓಣಿಯ ಎಮ್ಮೆಗಳು ಹೊಳೆಯಲ್ಲಿ ನೀರು ಕುಡಿದು, ಮೈ ತೊಯಿಸಿಕೊಂಡು ಹಿಂಡಾಗಿ ಮೇಲೆ ಹತ್ತುತ್ತಿದ್ದವು. ಕಾಕಾ ಕೈಯಲ್ಲಿದ್ದ ಚಹಾ ಅರ್ಧಕ್ಕೇ ಇಟ್ಟು ಓಣಿಯ ತಿರುವಿಗೆ ಹೋಗಿ ನಿಲ್ಲುವರು. ಹಿಂಡು ಹತ್ತಿರ ಬರುತ್ತಲೇ ಕುಕ್ಕರುಗಾಲಲ್ಲಿ ಕೂತು, ತಲೆ ನೆಲಕ್ಕೆ ತಾಗುವಷ್ಟು ಬಾಗಿ, ಎಮ್ಮೆಗಳ ಕಾಲುಗಳ ನಡುವೆ ನೋಡುವರು. ಕಡೆಯ ಎಮ್ಮೆ ದಾಟಿದ ಮೇಲೆ ಮಂಡಿ ಹಿಡಿದುಕೊಂಡು ಏಳುವರು. ಮಳೆ ಇರಲಿ, ಹಬ್ಬ ಇರಲಿ, ಮೈಯಲ್ಲಿ ಜ್ವರ ಇರಲಿ, ಇದು ತಪ್ಪುತ್ತಿರಲಿಲ್ಲ. ಕಾರ್ಖಾನೆಯಲ್ಲೂ ಕಬ್ಬಿನ ಗಾಡಿ ಬಂದರೆ ಬಗ್ಗಿ ಎತ್ತುಗಳ ಕಾಲು ನೋಡಿಯೇ ಒಳಗೆ ಬಿಡುತ್ತಿದ್ದರಂತೆ. ಗಾಡಿಯವರು ಅವರಿಗೆ ಬಗ್ಗು ಸಾಹೇಬ ಅಂತ ಹೆಸರಿಟ್ಟಿದ್ದರು. ನಮ್ಮ ಓಣಿಯ ಹೆಂಗಸರೂ ಕಡಿಮೆಯೇನಿರಲಿಲ್ಲ. "ಕಾಕಾ, ಹಾಲ ಎಷ್ಟ ಇಳದಾವ್ರಿ ಇವತ್ತ?" ಅಂತ ಕಟ್ಟೆಯ ಮೇಲಿಂದಲೇ ಕೇಳಿ ನಗುವರು. ಅವರೂ ನಗುವರು. ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ.

ಎಮ್ಮೆಗಳ ಕೊರಳಿಗೆಲ್ಲ ಗಂಟೆ ಕಟ್ಟಿಸಿದವರೂ ಅವರೇ. ನಮ್ಮ ಕಡೆ ಎಮ್ಮೆಗೆ ಯಾರು ಗಂಟೆ ಕಟ್ಟುತ್ತಾರೆ? ಹಿಂಡಿನ ಯಜಮಾನ ಬೇಡವೆಂದರೂ ಕೇಳದೆ ಸಂತೆಯಿಂದ ತಂದು ತಾವೇ ಕೂತು ಕಟ್ಟಿದ್ದರು. ಹೀಗಾಗಿ ನಮ್ಮ ಓಣಿಯ ಸಂಜೆ ಅಂದರೆ ಗಂಟೆಗಳ ಸಪ್ಪಳ. ನನಗೆ ಆ ಸಪ್ಪಳ ಬಹಳ ಸೇರುತ್ತಿತ್ತು, ತವರಿಗೆ ಹೋದರೆ ಅದಿಲ್ಲದೆ ಸಂಜೆಯೇ ಆಗುತ್ತಿರಲಿಲ್ಲ.

ನಾನು ದೆವ್ವ ಭೂತ ನಂಬುವವಳಲ್ಲ. ಹುಣಸೆಮರದ ದೆವ್ವ ಅಂತ ಅಂಜುವ ಮಕ್ಕಳನ್ನು ಮರದ ಕೆಳಗೇ ಕೂರಿಸಿ ಪಾಠ ಹೇಳಿದವಳು. ಆದರೂ ಆ ಒಂದು ಸಂಜೆಯದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ಓದಿದವರಿಗೆ ಬಿಟ್ಟದ್ದು.

ಬೇಸಿಗೆ. ಕರೆಂಟು ಹೋಗಿತ್ತು. ಒಳಗೆ ಕೂರಲಾಗದೆ ನಾನು ತಿರುವಿನ ಬೇವಿನಗಿಡದ ಹತ್ತಿರ ಗಾಳಿಗೆ ನಿಂತಿದ್ದೆ. ಹಿಂಡು ಬಂತು, ಕಾಕಾ ಕೂತರು. ನನಗೆ ಯಾಕೋ ತಮಾಷೆ ಅನ್ನಿಸಿ, ಅವರು ದಿನಾ ಏನು ನೋಡುತ್ತಾರೆ ನೋಡಿಯೇ ಬಿಡೋಣ ಅಂತ ನಾನೂ ಸೀರೆ ಎತ್ತಿಕಟ್ಟಿ ಪಕ್ಕದಲ್ಲಿ ಕೂತು ಬಗ್ಗಿದೆ. ಬಗ್ಗಿ ನೋಡಿದರೆ ಅದೊಂದು ಬೇರೆಯೇ ಲೋಕ. ಮೇಲಿನ ಬೆಳಕಿಲ್ಲ, ಕೋಡಿಲ್ಲ, ಮುಖವಿಲ್ಲ. ಒದ್ದೆ ಕರಿ ಕಾಲುಗಳು, ಕಾಲುಗಳು, ಕಾಲುಗಳು. ಅವುಗಳ ನಡುವೆ ಒಂದು ಜೊತೆ ಬೂಟು.

ಲೇಸು ಬಿಗಿಯಾಗಿ ಕಟ್ಟಿದ ಎತ್ತರದ ಬೂಟು. ಅದರ ಮೇಲೆ ಮಡಚಿ ತುರುಕಿದ ಪ್ಯಾಂಟಿನ ಅಂಚು. ಅವಸರವಿಲ್ಲದೆ, ಎಮ್ಮೆಗಳ ನಡಿಗೆಗೆ ಸರಿಯಾಗಿ ಹೆಜ್ಜೆ ಹಾಕುತ್ತ ಬರುತ್ತಿತ್ತು. ಎಮ್ಮೆಗಳೆಲ್ಲ ಹೊಳೆಯಿಂದ ಬಂದದ್ದರಿಂದ ನೆಲವೆಲ್ಲ ಒದ್ದೆ, ಬೂಟು ಮಾತ್ರ ಒಣಗಿತ್ತು. ಮೇಲೆಲ್ಲ ಕೆಂಪು ಧೂಳು. ನಮ್ಮ ಹೊಳೆದಂಡೆಯದು ಎರೆಮಣ್ಣು, ಕರಿದು. ಅಷ್ಟು ಕೆಂಪು ಧೂಳನ್ನು ನಾನು ಆ ದಾರಿಯಲ್ಲಿ ಕಂಡಿರಲಿಲ್ಲ.

ಹಿಂಡಿನ ಯಜಮಾನನಿರಬಹುದು ಅಂತ ಎದ್ದು ನೋಡಿದೆ. ಆತ ಧೋತರ ಉಟ್ಟು, ಬರಿಗಾಲಲ್ಲಿ ಎಲ್ಲಕ್ಕೂ ಮುಂದೆ ಹೋಗಿಬಿಟ್ಟಿದ್ದ. ಎಮ್ಮೆಗಳ ಬೆನ್ನಿನ ಮೇಲೆ ಯಾರ ತಲೆಯೂ ಇರಲಿಲ್ಲ. ಹೆಗಲೂ ಇರಲಿಲ್ಲ. ನಾಯಿ ಮಾತ್ರ ಕಿವಿ ಹಿಂದಕ್ಕೆ ಮಾಡಿ, ಯಾರಿಗೋ ದಾರಿ ಬಿಟ್ಟಂತೆ ಗೋಡೆಗೆ ಸರಿದು ನಿಂತಿತು. ಬೊಗಳಲಿಲ್ಲ.

"ಕಂಡ್ವೇನ್ರಿ ಅಕ್ಕೋರ?" ಅಂದರು ಕಾಕಾ. ಶಾಲೆ ಕಲಿಸುವವಳಾದ್ದರಿಂದ ಅವರಿಗೆ ನಾನು ಅಕ್ಕೋರು.

"ಬೂಟು..." ಅಂದೆ.

ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಇಷ್ಟು ದಿನ ಒಬ್ಬರೇ ಹೊತ್ತಿದ್ದ ಗಂಟಿಗೆ ಇನ್ನೊಬ್ಬರು ಕೈ ಹಚ್ಚಿದರೆ ಆಗುವ ನಿರಾಳ ಇತ್ತು. "ಅವ ನನ್ನ ಜೋಡಿದಾರ," ಅಂದರು. ಆಮೇಲೆ ನಮ್ಮ ಕಟ್ಟೆಗೆ ಬಂದು ಕೂತು, ನನಗೂ ಅತ್ತೆಗೂ ಎಲ್ಲ ಹೇಳಿದರು.

ನೌಕರಿಯ ಕಡೆಯ ವರ್ಷಗಳಲ್ಲಿ ಅವರನ್ನು ಆಫ್ರಿಕಾದ ಒಂದು ದೇಶಕ್ಕೆ ಶಾಂತಿಪಡೆಯಲ್ಲಿ ಕಳಿಸಿದ್ದರಂತೆ. ಅಲ್ಲಿ ದನದ ಸಲುವಾಗಿ, ನೀರಿನ ಸಲುವಾಗಿ ಎರಡು ಕುಲದವರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಮನೆ ಸುಟ್ಟುಕೊಂಡವರು ತಂತಿಬೇಲಿ ಹಾಕಿದ ಕ್ಯಾಂಪಿನೊಳಗೆ ಬಂದು ಜೀವ ಹಿಡಿದು ಕೂತಿದ್ದರು. ಅವರನ್ನು ಕಾಯುವುದು ಇವರ ಕೆಲಸ. ಯಾರ ಕಡೆಯವರೂ ಅಲ್ಲ ಅಂತ ದೂರದಿಂದಲೇ ತಿಳಿಯಲಿ ಎಂದು ತಲೆಗೆ ಆಕಾಶಬಣ್ಣದ ಟೊಪ್ಪಿಗೆ.

"ಎದ್ದ ಕಾಣಲಿ ಅಂತ ಆ ಬಣ್ಣ ಕೊಟ್ಟಾರ್ರಿ," ಅಂದರು ಕಾಕಾ. "ಖರೆ, ಎದ್ದ ಕಾಣೂದಂದ್ರ ಗುರಿ ಇಡಾವ್ರಿಗೂ ಸಸಾರ. ನಾವು ಮೊದಲ ಗುಂಡ ಹಾಕೂ ಹಂಗಿಲ್ಲ. ನಮ್ಮನ್ನ ಕಾಯಾಕ ಅಲ್ಲಿ ಇದ್ದದ್ದು ಒಂದ ತಂತಿ, ಒಂದ ಗೇಟು, ಒಬ್ಬರಿಗೊಬ್ಬರು. ಅಷ್ಟ."

ಬೋರ್‌ವೆಲ್ಲು ಕ್ಯಾಂಪಿನೊಳಗೆ ಇತ್ತು. ಬೇಸಿಗೆಯಲ್ಲಿ ಸುತ್ತಲಿನ ಹಳ್ಳವೆಲ್ಲ ಬತ್ತಿ, ದನಗಳು ಗೇಟಿನ ಹೊರಗೆ ಬಂದು ನಿಂತು ಒದರುತ್ತಿದ್ದವು. ಕಾಕಾನ ಮನೆತನದಲ್ಲಿ ಒಂದು ನೇಮ ಇತ್ತು. ನೀರಿಗೆ ಬಂದ ದನಕ್ಕೆ ಅಡ್ಡ ನಿಲ್ಲಬಾರದು. ವೈರಿಯ ದನವಾದರೂ ಸರಿ, ಮೊದಲು ಅದು ಕುಡಿಯಬೇಕು, ಆಮೇಲೆ ಮನುಷ್ಯರು. ಕುರಿ ಮೇಯಿಸುತ್ತ ಊರೂರು ತಿರುಗುವವರು ಯಾವ ಬಾವಿಯ ಹತ್ತಿರವೂ ಜಗಳವಿಲ್ಲದೆ ಬದುಕಿ ಬಂದದ್ದು ಈ ನೇಮದ ಮೇಲೆ. "ಮೂಕ ಜೀವ ಮೊದಲ, ಮಾತಾಡೂ ಜೀವ ಆಮ್ಯಾಲ," ಅಂತ ಅವರ ಅಜ್ಜ ಹೇಳುತ್ತಿದ್ದನಂತೆ. ಕಾಕಾ ತಮ್ಮ ಸಾಹೇಬರ ಕೈಕಾಲು ಹಿಡಿದು, ದನ ಒಳಗೆ ಬಂದು ತೊಟ್ಟಿಯಲ್ಲಿ ನೀರು ಕುಡಿದು ಹೋಗಲಿಕ್ಕೆ ಒಪ್ಪಿಗೆ ಪಡೆದಿದ್ದರು. ದನಗಾಹಿಗಳು ಹೊರಗೇ ನಿಲ್ಲಬೇಕು, ಹೊತ್ತು ಇಳಿದ ಮೇಲೆ ಗೇಟು ತೆಗೆಯಬಾರದು ಅನ್ನುವ ಕಟ್ಟುಪಾಡಿನ ಮೇಲೆ. ಬೇಸಿಗೆ ಹಾಗೇ ನಡೆಯಿತು. ಆ ನೀರಿನಿಂದಲೇ ಆ ಭಾಗದಲ್ಲಿ ಹೊಡೆದಾಟವೂ ತಣ್ಣಗಾಗಿತ್ತಂತೆ.

ಒಂದು ಸಂಜೆ ಹೊತ್ತು ಮೀರಿ ಒಂದು ಹಿಂಡು ಬಂತು. ಹಿಂದೆ ದನಗಾಹಿಗಳಿಲ್ಲ. ಕೊರಳಲ್ಲಿ ಗಂಟೆಗಳಿದ್ದವು, ಸಪ್ಪಳ ಇರಲಿಲ್ಲ.

ಅತ್ತೆ ಬೀಸಣಿಗೆ ಬೀಸುವುದನ್ನು ನಿಲ್ಲಿಸಿದ್ದರು.

"ನನಗ ಗೊತ್ತಾತ್ರಿ," ಅಂದರು ಕಾಕಾ. "ಗಂಟಿ ಸಪ್ಪಳ ಇಲ್ಲಂದ್ರ ಹುಲ್ಲ ತುರುಕ್ಯಾರಂತ ಅರ್ಥ. ನಮ್ಮಲ್ಲಿ ಕುರಿ ಕಳವು ಮಾಡಾವ್ರೂ ಹಂಗ ಮಾಡ್ತಾರ. ಗೊತ್ತಾತು. ಆದ್ರ ದನ ನಾಲಿಗಿ ಹೊರಗ ಹಾಕಿ ನಿಂತಿದ್ವು. ಒಂದ ಆಕಳಾ ಗೇಟಿನ ಸರಳ ನೆಕ್ಕಾಕತ್ತಿತ್ತು..."

ಗೇಟು ತೆಗೆದರು.

ದನಗಳ ಭುಜಕ್ಕೆ ಕೈ ಹಾಕಿ, ಮೈ ಬಾಗಿಸಿ ನಡೆದು ಬಂದಿದ್ದರಂತೆ, ಒಳಗಿದ್ದವರನ್ನು ಕೊಲ್ಲಲು ಬಂದ ವೈರಿ ಕುಲದವರು. ಕಾವಲುಗೋಪುರದ ಮೇಲಿದ್ದವರಿಗೆ ಕೋಡು ಮತ್ತು ಧೂಳು ಬಿಟ್ಟು ಏನೂ ಕಾಣಲಿಲ್ಲ. ತೊಟ್ಟಿಯ ಹತ್ತಿರ ಕೊಡ ತುಂಬುತ್ತಿದ್ದ ಹೆಂಗಸರನ್ನು ಹಿಂದಕ್ಕೆ ನೂಕಿ, ಅವರ ಮುಂದೆ ನಿಂತವನು ಕಾಕಾನ ಜೋಡಿದಾರ. ಬೇರೆ ರಾಜ್ಯದವನು, ಒಂದೇ ತಟ್ಟೆಯಲ್ಲಿ ಉಂಡವನು. ಹೆಂಗಸರೆಲ್ಲ ಉಳಿದರು. ಅವನು ಉಳಿಯಲಿಲ್ಲ. ಕಾಕಾನ ತೊಡೆಗೂ ಗುಂಡು ಬಿತ್ತು. ಬಿದ್ದಲ್ಲಿಂದ ಅವರಿಗೆ ದನಗಳ ಕಾಲುಗಳ ನಡುವೆ ಆ ಬೂಟುಗಳಷ್ಟೇ ಕಾಣುತ್ತಿದ್ದವಂತೆ. ನಿಂತೇ ಇದ್ದವಂತೆ ಬಹಳ ಹೊತ್ತು...

"ನಾ ಒಂದ ಸಲ ಬಗ್ಗಿ ನೋಡಿದ್ದರ ಆಗತಿತ್ತು," ಅಂದರು. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. "ಆಸ್ಪತ್ರಿಯಿಂದ ಮನಿಗಿ ಬಂದ ದಿನಾನ ಅವ ಹಿಂಡಿನಾಗ ಬಂದ. ಸಿಟ್ಟೇನಿಲ್ರಿ ಅವಗ. ಬರತಾನ, ಹೋಗತಾನ. ನಾ ಬಗ್ಗಿ ನೋಡೂದ ಅವನ ಸಲುವಾಗಿ ಅಲ್ಲ. ಅವನ ಹಿಂದ ಮತ್ತ ಯಾರರೆ ಬರಾಕತ್ತಾರೇನು ಅಂತ."

ಅವತ್ತಿನಿಂದ ಓಣಿಯಲ್ಲಿ ನಾನು ಆ ನಗೆಚಾಟಿಕೆಗೆ ಸೇರಲಿಲ್ಲ. ಹಿಂಡು ಬರುವ ಹೊತ್ತಿಗೆ ಒಳಗೆ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಕಂಡದ್ದು ಕಂಡಿದ್ದೇನೆ, ಮತ್ತೆ ಕಾಣುವ ಹೌಸು ಇರಲಿಲ್ಲ. ಆದರೂ ಗಂಟೆಯ ಸಪ್ಪಳದ ನಡುವೆ ಒಂದು ಭಾರವಾದ ಹೆಜ್ಜೆ ಕೇಳಿದ ಹಾಗಾಗಿ ಒಲೆಯ ಮುಂದೆ ಕೈ ತಡೆಯುತ್ತಿತ್ತು.

ಮಗಳ ವಿಷಯಕ್ಕೆ ಬರುತ್ತೇನೆ. ಗಟ್ಟಿಗಿತ್ತಿ. ಕಬಡ್ಡಿ ಆಡುತ್ತಿದ್ದಳು, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಅಪ್ಪ ಬೇಡವೆಂದರೂ ಅರೆಸೇನಾ ಪಡೆಗೆ ಪರೀಕ್ಷೆ ಕಟ್ಟಿ, ಓಡಿ, ಆಯ್ಕೆಯಾಗಿ ಹೋದಳು. ಅಲ್ಲಿಗೆ ಸುಮ್ಮನಾದಳೇ? ಒಂದು ಸುಗ್ಗಿಯಲ್ಲಿ ರಜೆಗೆ ಬಂದವಳು ಕಟ್ಟೆಯ ಮೇಲೆ ನಮ್ಮೆಲ್ಲರ ಎದುರಿಗೇ ಹೇಳಿಬಿಟ್ಟಳು. ಮಹಿಳಾ ತುಕಡಿಯೊಂದು ಶಾಂತಿಪಡೆಗೆ ಹೊರಟಿದೆ, ಅದರಲ್ಲಿ ತನ್ನ ಹೆಸರಿದೆ. ಅದೇ ದೇಶ, ಅದೇ ಕ್ಯಾಂಪು. ಗೇಟಿನ ಕಾವಲಿಗೆ ಹೆಣ್ಣುಮಕ್ಕಳು ಬೇಕಂತೆ, ನೀರಿಗೆ ಬರುವವರು ಹೆಂಗಸರೇ ಹೆಚ್ಚು ನೋಡಿ.

ಕಾಕಾ ಅವತ್ತು ಉಣ್ಣಲಿಲ್ಲ. ಮರುದಿನ ಹೊತ್ತೇರುವ ಮೊದಲೇ ಅಪ್ಪ ಮಗಳ ಜಗಳ ನಮ್ಮ ಗೋಡೆ ದಾಟಿ ಕೇಳಿಸುತ್ತಿತ್ತು.

"ಎಲ್ಲಾರನ್ನೂ ಕಾಯಾಕ ಹೊಂಟೀದಿ. ನಿನ್ನ ಯಾರು ಕಾಯಾವ್ರು? ಟೊಪಿಗಿ ಕಾಯತೈತೇನ್ಲೇ?"

"ನೀ ಗೇಟ ತಗದದ್ದು ತಪ್ಪಲ್ಲ ಅಪ್ಪಾ. ನೋಡದ ತಗದದ್ದು ತಪ್ಪು. ನಾ ನೋಡತೇನಿ."

ಅಂಥ ಮಾತನ್ನು ಅಪ್ಪನಿಗೆ ಹೇಳಿದಳಲ್ಲ ಅಂತ ನನಗೇ ಸಿಟ್ಟು ಬಂದಿತ್ತು. ಆದರೆ ಆ ಸಂಜೆ ನೋಡುತ್ತೇನೆ, ಓಣಿಯ ತಿರುವಿನಲ್ಲಿ ಅಪ್ಪನ ಪಕ್ಕದಲ್ಲಿ ಮಗಳೂ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ರಜೆ ಮುಗಿಯುವವರೆಗೂ ಅದೇ ಪಾಠ. ಎಲ್ಲಿ ಕೂತರೆ ಬೆಳಕು ಎದುರಾಗುವುದಿಲ್ಲ, ಯಾವ ದನ ಬೆದರಿದೆ, ಯಾವುದು ಬೇಕೆಂದೇ ನಿಧಾನ ನಡೆಯುತ್ತಿದೆ... ನಾನೂ ಇಷ್ಟು ವರ್ಷ ಪಾಠ ಹೇಳಿದ್ದೇನೆ, ಅಷ್ಟು ಹೆದರಿಕೊಂಡು ಕಲಿಸುವ ಗುರುವನ್ನು ಮಾತ್ರ ನೋಡಿಲ್ಲ. ಬೂಟುಗಳು ಆಕೆಗೆ ಕಂಡವೋ ಇಲ್ಲವೋ, ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಹೊರಡುವ ಹಿಂದಿನ ಸಂಜೆ ಮಗಳು ಬಾಡಗಂಡಿಯಲ್ಲಿದ್ದ ತನ್ನ ಸೋದರತ್ತೆಯ ಮನೆಗೆ ಹೇಳಿ ಬರಲು ಹೋಗಿದ್ದಳು. ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದೆ, ಹಿಂಡು ಬಂದದ್ದು ಗಮನಕ್ಕೆ ಬಂದಿರಲಿಲ್ಲ. ತಿರುವಿನಲ್ಲಿ ಕಾಕಾ ಹಿಂದಿಯಲ್ಲಿ ಮಾತಾಡುವುದು ಕೇಳಿ ತಲೆ ಎತ್ತಿದೆ. ನಮ್ಮ ಓಣಿಯಲ್ಲಿ ಯಾರ ಜೊತೆಗೂ ಅವರು ಹಿಂದಿ ಆಡಿದವರಲ್ಲ. ಹಿಂಡಿಗೆ ಹಿಂಡೇ ನಿಂತುಬಿಟ್ಟಿತ್ತು. ಒಂದು ಎಮ್ಮೆಯೂ ಬಾಲ ಅಲ್ಲಾಡಿಸುತ್ತಿರಲಿಲ್ಲ, ಗಂಟೆಗಳು ಸುಮ್ಮನಿದ್ದವು. ಕಾಕಾ ನೆಲಕ್ಕೆ ಬಾಗಿ, ತಗ್ಗಿದ ದನಿಯಲ್ಲಿ ಬೇಡಿಕೊಳ್ಳುತ್ತಿದ್ದರು. ನನ್ನ ಮಗಳು ನೀನಿದ್ದ ಗೇಟಿಗೆ ಬರುತ್ತಿದ್ದಾಳೆ. ಇನ್ನು ನೀನು ಇಲ್ಲಿಗೆ ಬರಬೇಡ. ನನ್ನ ಮೇಲೆ ಋಣ ಇದ್ದರೆ ಅದೂ ಅಲ್ಲೇ ಇರಲಿ, ಆಮೇಲೆ ನಾನೇ ಬಂದು ತೀರಿಸುತ್ತೇನೆ. ಹೋಗು, ಅವಳ ಮುಂದೆ ನಿಂತುಕೋ.

ಒಮ್ಮೆಲೇ ಎಲ್ಲ ಗಂಟೆಗಳೂ ಸದ್ದು ಮಾಡಿದವು, ಹಿಂಡು ನಡೆಯಿತು.

ಮಗಳು ಹೋದಳು. ಮಾರನೆಯ ಸಂಜೆಯಿಂದ ಬೂಟುಗಳು ಬರಲಿಲ್ಲ. ಹಾಗಂತ ಕಾಕಾ ಹೇಳಿದರು. ನನಗೆ ನಿರಾಳವಾಯಿತು, ಅವರಿಗೆ ಆಗಲಿಲ್ಲ. ಬಗ್ಗಿ ನೋಡುವುದು ಬಿಡಲಿಲ್ಲ, ಆದರೆ ಎದ್ದ ಮೇಲೆ ಹಿಂಡು ಹೋದ ದಾರಿಯನ್ನೇ ನೋಡುತ್ತ ನಿಲ್ಲುವರು. "ಮನಿ ಖಾಲಿ ಆದಂಗ ಆಗೈತ್ರಿ ಅಕ್ಕೋರ," ಅಂದರು ಒಮ್ಮೆ. ಮಗಳಿಲ್ಲದ್ದಕ್ಕೋ, ಜೋಡಿದಾರನಿಲ್ಲದ್ದಕ್ಕೋ ಗೊತ್ತಾಗಲಿಲ್ಲ. ಕಾರ್ಖಾನೆಯ ಕೆಲಸ ಬಿಟ್ಟರು. ಊಟ ಕಡಿಮೆಯಾಯಿತು. ಮಗಳ ಫೋನು ಬಂದ ದಿನ ಮಾತ್ರ ಅವರ ಚಪ್ಪಲಿ ಓಣಿಯ ತುಂಬ ಕರ್ ಕರ್ ಅನ್ನುತ್ತಿತ್ತು.

ಮುಂದಿನ ಬೇಸಿಗೆಯ ಒಂದು ಸಂಜೆ ಹಿಂಡು ಬಂದು ಹೋಯಿತು. ಕಾಕಾ ತಿರುವಿಗೆ ಹೋಗಿರಲಿಲ್ಲ. ಹೋಗಿ ನೋಡಿದರೆ ತಮ್ಮ ಮನೆಯ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಚಪ್ಪಲಿ ಕೆಳಗೆ ಒಪ್ಪವಾಗಿ ಜೋಡಿಸಿತ್ತು. ನಾಯಿ ಓಣಿಯ ತುದಿಗೆ ಹೋಗಿ, ಯಾರನ್ನೋ ಕಳಿಸಲು ಬಂದವರ ಹಾಗೆ ಪಶ್ಚಿಮಕ್ಕೆ ಮುಖ ಮಾಡಿ ನಿಂತಿತ್ತು.

ಮರುದಿನ ಕಾಕಾನ ಮಣ್ಣಾಯಿತು. ಮಗಳಿಗೆ ಸುದ್ದಿ ಮುಟ್ಟಿಸಲು ಆಕೆಯ ಕಚೇರಿಗೆ ಹೇಳಿದ್ದೆವು, ಅವರು ತಿಳಿಸುತ್ತೇವೆ ಅಂದಿದ್ದರು. ನಾವು ಹೆಂಗಸರು ಅವರ ಮನೆಯ ಅಂಗಳ ಸಾರಿಸುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ಆಕೆಯೇ. ಸುದ್ದಿ ಮುಟ್ಟಿರಬೇಕು ಅಂತ ನಾನು ಅಳಲು ಸಿದ್ಧಳಾಗಿ ಎತ್ತಿದರೆ, ಆಕೆ ಅಳುತ್ತಿರಲಿಲ್ಲ.

"ವೈನಿ, ಅಪ್ಪ ಫೋನ್ ಎತ್ತವಲ್ಲ. ಅವಗೊಂದ ಮಾತ ಹೇಳೂದೈತಿ."

ಹೇಗೆ ಹೇಳಲಿ ಅಂತ ಅಂಗಳದಿಂದ ಆಚೆ ಸರಿದೆ. ಆಕೆಯೇ ಹೇಳತೊಡಗಿದಳು. ನಿನ್ನೆ ಸಂಜೆ ಅಲ್ಲಿ ಹೊತ್ತು ಮುಳುಗುವಾಗ ಒಂದು ಹಿಂಡು ಗೇಟಿಗೆ ಬಂದಿತ್ತು. ಗಂಟೆ ಸಪ್ಪಳವಿರಲಿಲ್ಲ. ದನ ಬಾಯಾರಿ ಒದರುತ್ತಿದ್ದವು. ಪಕ್ಕದಲ್ಲಿದ್ದವಳು ಪಾಪ ಅಂತ ಅಗಳಿಗೆ ಕೈ ಹಾಕಿದ್ದಳು. ಈಕೆ ತಡೆದು, ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದಳು.

"ಮೊದಲ ಒಂದ ಜೋಡಿ ಬೂಟ ಕಂಡ್ವು. ಗೇಟಿಗಿ ಅಡ್ಡ, ನನ್ನ ಕಡೆ ಬೆನ್ನ ಮಾಡಿ ನಿಂತಿದ್ವು. ದನ ಅವನ್ನ ದಾಟಿ ಬರವಲ್ವು..." ದನಿ ಇಲ್ಲಿ ಸಣ್ಣದಾಯಿತು. "ಅದರ ಬಾಜೂಕ ಒಂದ ಜೋಡಿ ಚಪ್ಪಲಿ ಬಂದು ನಿಂತ್ವು ವೈನಿ. ಕರ್ ಕರ್ ಅಂದದ್ದು ಕೇಳಿಸ್ತು. ಅವೆರಡರ ಹಿಂದ, ದನದ ಕಾಲಿನ ನಡುವ, ಬರಿಗಾಲು. ಬಾಳ ಮಂದಿದು."

ಆಕೆ ಕೂಗು ಹಾಕಿದಳು. ಸೈರನ್ ಹೊಡೆಯಿತು, ದೀಪಗಳು ಹತ್ತಿದವು. ಬಂದವರು ದನ ಬಿಟ್ಟು ಓಡಿದರು. ಒಂದು ಗುಂಡೂ ಹಾರಲಿಲ್ಲ. ಒಳಗಿದ್ದ ತುಕಡಿಯವರೆಲ್ಲ ಉಳಿದರು, ಆಶ್ರಯಕ್ಕೆ ಬಂದಿದ್ದವರೂ ಉಳಿದರು. ಆಮೇಲೆ ನೋಡಿದರೆ ಪ್ರತಿ ಗಂಟೆಯಲ್ಲೂ ಹುಲ್ಲು.

"ದನ ಪಾಪ ಅಲ್ಲೇ ನಿಂತಿದ್ವು. ಬೆಳಕ ಹರದ ಮ್ಯಾಲ ಸಾಹೇಬರನ್ನ ಕೇಳಿ, ಪೈಪ್ ಎಳದು ತಂತಿ ಹೊರಗ ತೊಟ್ಟಿ ಇಟ್ಟಿವಿ. ಹೊಟ್ಟಿ ತುಂಬ ಕುಡದ್ವು. ಇನ್ನ ದಿನಾ ಹಂಗ. ದನ ತಡೀಲಿಲ್ಲ ವೈನಿ, ಗೇಟೂ ತಗೀಲಿಲ್ಲ. ನೀರ ಹೊರಗ ಒಯ್ದಿವಿ. ಇಷ್ಟ ಸಸಾರ ಇತ್ತು. ಇದನ್ನ ಅಪ್ಪಗ ಹೇಳಬೇಕಂತ..."

ಆಮೇಲೆ ಕೇಳಿದಳು: "ಅಪ್ಪನ ಚಪ್ಪಲಿ ಎಲ್ಲಿ ಅದಾವ್ರಿ? ಒಂದೀಟ ನೋಡಿ ಹೇಳ್ರಿ."

ಫೋನು ಕಿವಿಗೆ ಹಿಡಿದೇ ಹೋಗಿ ನೋಡಿದೆ. ಚಪ್ಪಲಿ ಕಟ್ಟೆಯ ಕೆಳಗೆ ನಿನ್ನೆ ಇದ್ದಲ್ಲೇ ಇದ್ದವು. ಗಡಿಬಿಡಿಯಲ್ಲಿ ಯಾರೂ ಮುಟ್ಟಿರಲಿಲ್ಲ. ಅಟ್ಟೆಯ ಅಂಚಿಗೆಲ್ಲ ಕೆಂಪು ಧೂಳು ಮೆತ್ತಿತ್ತು. ಮೇಲಿನ ರಸ್ತೆಗೆ ಆ ವಾರ ಕೆಂಪು ಗರಸು ಹಾಕಿದ್ದರು, ಅದರದೇ ಇರಬಹುದು. ಕಾಕಾ ಆ ವಾರ ಓಣಿಯ ತಿರುವು ದಾಟಿ ಹೋಗಿರಲಿಲ್ಲ, ಅದೂ ಖರೆ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಅಲ್ಲಿ ಮುಳುಗಲು ಇನ್ನೂ ಒಂದಿಷ್ಟು ಹೊತ್ತು ಬೇಕು ಅಂತ ಮಕ್ಕಳಿಗೆ ಭೂಗೋಳದಲ್ಲಿ ನಾನೇ ಕಲಿಸಿದ್ದೇನೆ. ಅಷ್ಟು ಹೊತ್ತು ಸಾಕಾಯಿತೇ ಅವರಿಗೆ, ಅಷ್ಟು ದೂರಕ್ಕೆ? ಆ ಗುಂಡು ತಿಂದ ಕುಂಟುಗಾಲಲ್ಲಿ...

"ಇಲ್ಲೇ ಅದಾವವ್ವಾ," ಅಂದೆ.

"ಗೊತ್ತಾತ್ರಿ ವೈನಿ," ಅಂದಳು ಆಕೆ. ಆಗ ಅತ್ತಳು. ಅಷ್ಟು ದೂರದ ಅಳು ಕಿವಿಯೊಳಗೇ ಕೂತು ಅತ್ತ ಹಾಗಿತ್ತು.

ಆಕೆ ಅವಧಿ ಮುಗಿಸಿ ಸುರಕ್ಷಿತವಾಗಿ ಮರಳಿದಳು. ಈಗ ಬೇರೆ ಎಲ್ಲೋ ಕೆಲಸದಲ್ಲಿದ್ದಾಳೆ. ಆ ತೊಟ್ಟಿ ಇನ್ನೂ ಗೇಟಿನ ಹೊರಗೇ ಇದೆಯಂತೆ. ನೀರನ್ನು ಹೊರಗೆ ಒಯ್ಯಬಹುದಿತ್ತು ಅನ್ನುವ ಒಂದು ಮಾತು ಕಾಕಾನ ಕಿವಿಗೆ ಬಿದ್ದಿದ್ದರೆ ಅವರು ಏನನ್ನುತ್ತಿದ್ದರೋ. ಹಗುರಾಗುತ್ತಿದ್ದರೋ, ಇದು ನನಗೆ ಯಾಕೆ ಹೊಳೆಯಲಿಲ್ಲ ಅಂತ ಇನ್ನಷ್ಟು ನೊಂದುಕೊಳ್ಳುತ್ತಿದ್ದರೋ. ಎಷ್ಟೋ ಸಲ ಯೋಚಿಸಿದ್ದೇನೆ, ಬಗೆಹರಿದಿಲ್ಲ. ನಾಯಿಯೂ ಹೋಯಿತು. ಎಮ್ಮೆಗಳ ಗಂಟೆಗಳನ್ನು ಯಜಮಾನ ಒಂದೊಂದಾಗಿ ಬಿಚ್ಚಿ ಮಾರಿಕೊಂಡ.

ಮೊನ್ನೆ ಆ ರಸ್ತೆಯಲ್ಲಿ ಕಡೆಯ ಎಮ್ಮೆ ದಾಟುವವರೆಗೂ ಬಗ್ಗಿಯೇ ಇದ್ದೆ. ಎಲ್ಲ ಕಾಲೂ ಎಮ್ಮೆಯವೇ. ಅವರು ಎಲ್ಲಿ ನಿಂತಿರಬೇಕೋ ಅಲ್ಲಿ ನಿಂತಿದ್ದಾರೆ, ಇಲ್ಲಿಗೆ ಬರಲು ಅವರಿಗೆ ಪುರುಸೊತ್ತಿಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ಹಿಂದೆ ಕೂತವಳು ಹೋಗೋಣ ಬರ್ರಿ ಅಂದಳು. ಗಾಡಿ ಚಾಲು ಮಾಡಿದೆ. ಬೂಟು ಬರಲಿಲ್ಲವೆಂದು ಹಿಂದೊಮ್ಮೆ ನಿರಾಳವಾಗಿದ್ದ ನಾನು, ಈಗ ಯಾರೂ ಕಾಣಲಿಲ್ಲವೆಂದು ಮನೆ ಮುಟ್ಟುವವರೆಗೂ ಕನ್ನಡಿಯಲ್ಲಿ ಹಿಂದಿನ ರಸ್ತೆಯನ್ನೇ ನೋಡುತ್ತ ಬಂದೆ.